ಹಳೇ ಪೈಲಟ್ ಜಾಕೆಟ್: ಅಸಲಿಯಾ ಅಂತ ನೋಡುವುದು ಹೇಗೆ, ಹಾಳಾಗದಂತೆ ಇಡುವುದು ಹೇಗೆ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. "ಅಮೆರಿಕದಲ್ಲಿ ಒಬ್ಬರ ಮನೆ ಸಾಮಾನು ಮಾರಾಟದಲ್ಲಿ ಎರಡನೇ ಮಹಾಯುದ್ಧದ ಪೈಲಟ್ ಜಾಕೆಟ್ ಸಿಕ್ಕಿತು, ಅಸಲಿಯಾ?" "ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ, ಎಣ್ಣೆ ಹಚ್ಚಲಾ?" "ಜಿಪ್ ಕೂತಿಲ್ಲ, ಹೊಸದು ಹಾಕಿಸಲಾ?"

ಚಿಕ್ಕ ಉತ್ತರ ಬೇಕಿದ್ದರೆ: ಒಂದೇ ಫೋಟೊ ನೋಡಿ ಹೇಳಲಾಗದು, ಎಣ್ಣೆ ಖಂಡಿತ ಬೇಡ, ಜಿಪ್‌ಗೆ ಸ್ವಲ್ಪ ತಡೆಯಿರಿ. ವಿವರವಾಗಿ ಬೇಕಿದ್ದರೆ ಮುಂದೆ ಓದಿ. ಮೊದಲೇ ಒಂದು ಮಾತು. ಮಾರುವವರು ಜಾಕೆಟ್ ಜೊತೆ ಕಥೆಯನ್ನೂ ಮಾರುತ್ತಾರೆ. ನೀವು ದುಡ್ಡು ಕೊಡಬೇಕಾದ್ದು ಜಾಕೆಟ್‌ಗೆ ಮಾತ್ರ. ಕಥೆಗೆ ಕಾಗದಪತ್ರ ಇದ್ದರೆ ಅದು ಬೇರೆ ವಿಷಯ.

ಪೈಲಟ್ ಜಾಕೆಟ್ ಅಂದರೆ ಹತ್ತಾರು ಬಗೆ ಇವೆ. ಇಲ್ಲಿ ನಾನು ಹೇಳುವುದು ಅಮೆರಿಕದ ಸೇನಾ ವಾಯುದಳದ ಎ-2 ಬಗ್ಗೆ. ಜನ ಜಾಸ್ತಿ ಹುಡುಕುವುದೂ ಅದನ್ನೇ, ಜಾಸ್ತಿ ನಕಲಿ ಬರುವುದೂ ಅದರದ್ದೇ.

ಬೇಕಾಗುವ ಸಾಮಾನು

ಟೇಪು, ಒಳ್ಳೆ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೋಟು ಪರೀಕ್ಷಿಸಲು ಬಳಸುವ ನೇರಳೆ ಬೆಳಕಿನ ಟಾರ್ಚು, ಮೃದು ಕೂದಲಿನ ಬಣ್ಣದ ಬ್ರಷ್, ಒಂದು ಬಿಳಿ ಹತ್ತಿ ಬಟ್ಟೆ, ಎನ್-95 ಮಾಸ್ಕ್, ಪೆನ್ಸಿಲು, ನೋಟ್‌ಬುಕ್. ಮನೆಯಲ್ಲೇ ಇಡುವುದಾದರೆ ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಕೂಡ ಬೇಕು. ಇದನ್ನು ಹೈಗ್ರೋಮೀಟರ್ ಅನ್ನುತ್ತಾರೆ, ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ.

ಜಾಕೆಟ್ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಉಂಗುರ, ಬಳೆ, ವಾಚು ತೆಗೆದಿಡಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಜಾಕೆಟ್ ಬಿಡಿಸಿ. ಆಮೇಲೆ ಬಟ್ಟೆ ಮೇಲೆ ಏನು ಉದುರಿದೆ ಅನ್ನುವುದೂ ಒಂದು ಸುಳಿವು.

ಹಂತ 1: ಯಾವ ಜಾಕೆಟ್ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಎ-2 ಜಾಕೆಟ್ಟನ್ನು ಅಮೆರಿಕದ ಆರ್ಮಿ ಏರ್ ಕೋರ್, ಅಂದರೆ ಆಗಿನ ಸೇನಾ ವಾಯುದಳ, 1931ರ ಮೇ 9ರಂದು ಅಧಿಕೃತ ಉಡುಪಾಗಿ ಒಪ್ಪಿಕೊಂಡಿತು. ಅದಕ್ಕೂ ಮೊದಲು 1927ರಿಂದ ಇದ್ದದ್ದು ಎ-1. ಎ-1ಕ್ಕೆ ಮುಂದೆ ಗುಂಡಿಗಳು, ಕಾಲರ್ ಹೆಣೆದ ಉಣ್ಣೆಯದ್ದು. ಎ-2ರಲ್ಲಿ ಗುಂಡಿ ಹೋಗಿ ಜಿಪ್ ಬಂತು, ಕಾಲರ್ ಚರ್ಮದ್ದಾಯಿತು.

ಎ-2ರ ಗುರುತುಗಳು ಹೀಗಿವೆ. ಅಂಗಿಯ ಹಾಗೆ ಮಡಚಿದ ಚರ್ಮದ ಕಾಲರ್, ಅದರ ತುದಿ ಹಾರದಂತೆ ಕೆಳಗೆ ಪ್ರೆಸ್ ಬಟನ್. ಗಂಟಲ ಹತ್ತಿರ ಒಂದು ಲೋಹದ ಕೊಕ್ಕೆ. ಹೆಗಲ ಮೇಲೆ ಚರ್ಮದ ಪಟ್ಟಿ. ಜಿಪ್‌ನ ಹಿಂದೆ ಗಾಳಿ ತಡೆಯಲು ಚರ್ಮದ ಇನ್ನೊಂದು ಪದರ. ಮುಂದೆ ಮುಚ್ಚಳವಿರುವ ಎರಡು ಕಿಸೆ. ಮುಂಗೈಯಲ್ಲೂ ಸೊಂಟದಲ್ಲೂ ಹೆಣೆದ ಉಣ್ಣೆಯ ಪಟ್ಟಿ. ಬೆನ್ನು ಒಂದೇ ತುಂಡು ಚರ್ಮ, ನಡುವೆ ಹೊಲಿಗೆ ಇಲ್ಲ.

ಇಷ್ಟೇ ಮುಖ್ಯ, ಏನು ಇಲ್ಲ ಅನ್ನುವುದು. ಪಕ್ಕದಿಂದ ಕೈ ಇಳಿಬಿಡುವ ಕಿಸೆ ಇಲ್ಲ. ಕಾರ್ಖಾನೆಯಿಂದ ಬಂದಾಗ ಒಳಗಿಸೆಯೂ ಇರಲಿಲ್ಲ. ಕೆಲವರು ಆಮೇಲೆ ದರ್ಜಿ ಹತ್ತಿರ ಹಾಕಿಸಿಕೊಂಡದ್ದುಂಟು, ಆದರೆ ಆ ಹೊಲಿಗೆ ಬೇರೆಯಾಗಿ ಕಾಣುತ್ತದೆ.

ಕಾಲರ್‌ಗೆ ತುಪ್ಪಳ ಇದ್ದರೆ ಅದು ನೌಕಾದಳದ ಬಗೆ. ಎಂ-422ಎ ಅಥವಾ ಆಮೇಲೆ ಬಂದ ಜಿ-1 ಇರಬಹುದು. ಅದು ಆಡಿನ ಚರ್ಮದ್ದು. ತೋಳು ಮುಂದೆ ಚಾಚಲು ಅನುಕೂಲವಾಗುವಂತೆ ಬೆನ್ನಲ್ಲಿ ನೆರಿಗೆ ಬಿಟ್ಟಿರುತ್ತಾರೆ. ಪೂರ್ತಿ ಕುರಿ ಉಣ್ಣೆಯ ಒಳಭಾಗ ಇರುವ ದಪ್ಪ ಜಾಕೆಟ್ ಆದರೆ ಅಮೆರಿಕದ ಬಿ-3, ಇಲ್ಲವೇ ಬ್ರಿಟನ್ನಿನ ಇರ್ವಿನ್. ಹೀಟರ್ ಇಲ್ಲದ ಬಾಂಬರ್ ವಿಮಾನದಲ್ಲಿ ಎತ್ತರಕ್ಕೆ ಹೋದರೆ ಕೊರೆಯುವ ಚಳಿ. ಅಲ್ಲಿಗೆ ಎ-2 ಸಾಲುತ್ತಿರಲಿಲ್ಲ. ಎ-2 ತೆಳು ಜಾಕೆಟ್, ಚಳಿಗಿಂತ ಗಾಳಿಗೆ ತಡೆ. ಪೈಲಟ್‌ಗಳು ಅದನ್ನು ನೆಲದ ಮೇಲೂ ಬಿಡದೆ ಹಾಕಿಕೊಳ್ಳುತ್ತಿದ್ದದ್ದಕ್ಕೆ ಶೋಕಿಯೂ ಒಂದು ಕಾರಣ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

1943ರಲ್ಲಿ ಸೇನೆ ಹೊಸ ಚರ್ಮದ ಜಾಕೆಟ್‌ಗಳಿಗೆ ಆರ್ಡರ್ ಕೊಡುವುದನ್ನು ನಿಲ್ಲಿಸಿ ಬಟ್ಟೆಯ ಬಿ-10 ತಂದಿತು. ಹಾಗಂತ ಕೊಟ್ಟಿದ್ದ ಎ-2ಗಳನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಯುದ್ಧ ಮುಗಿಯುವವರೆಗೂ ಜನ ಹಾಕಿದರು.

ಎಡವುವ ಜಾಗ: ಅಮೆರಿಕದ ವಾಯುಪಡೆ 1988ರಲ್ಲಿ ಎ-2 ಹೆಸರಿನ ಜಾಕೆಟ್ಟನ್ನು ಮತ್ತೆ ಕೊಡಲು ಶುರುಮಾಡಿತು. ಅದೂ ನಿಜವಾದ ಸೇನಾ ಜಾಕೆಟ್ಟೇ, ಆದರೆ ಯುದ್ಧಕಾಲದ್ದಲ್ಲ. ಆಡಿನ ಚರ್ಮ, ದೊಗಳೆ ಅಳತೆ, ಲೇಬಲ್ ಮೇಲೆ ಹದಿಮೂರು ಅಂಕಿಯ ಉಗ್ರಾಣ ಸಂಖ್ಯೆ, ಎದೆಯ ಹೆಸರುಪಟ್ಟಿಗೆ ವೆಲ್ಕ್ರೊ. "ಅಸಲಿ ಏರ್‌ಫೋರ್ಸ್ ಎ-2" ಅಂತ ಮಾರುವವರು ಸುಳ್ಳು ಹೇಳುತ್ತಿಲ್ಲ. ಯಾವ ವರ್ಷದ್ದು ಅಂತ ಮಾತ್ರ ಬಾಯಿ ಬಿಡುವುದಿಲ್ಲ.

ಹಂತ 2: ಲೇಬಲ್ ಓದಿ, ಆದರೆ ಅದನ್ನೇ ನಂಬಬೇಡಿ

ಕಾಲರ್ ಕೆಳಗೆ ಒಳಗಡೆ ನೇಯ್ದ ಲೇಬಲ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು: ಟೈಪ್ ಎ-2, ಡ್ರಾಯಿಂಗ್ ನಂಬರ್ 30-1415, ಆರ್ಡರ್ ಅಥವಾ ಕಾಂಟ್ರಾಕ್ಟ್ ನಂಬರ್, ತಯಾರಕರ ಹೆಸರು, ಕೊನೆಗೆ "ಪ್ರಾಪರ್ಟಿ ಏರ್ ಫೋರ್ಸ್ ಯು.ಎಸ್. ಆರ್ಮಿ". ಆ ಕೊನೆಯ ಎರಡು ಪದ ಗಮನಿಸಿ. ಯುದ್ಧಕಾಲದಲ್ಲಿ ಅಮೆರಿಕದ ವಾಯುದಳ ಭೂಸೇನೆಯ ಒಂದು ಭಾಗ. ಅದು ಪ್ರತ್ಯೇಕ ವಾಯುಪಡೆ ಆದದ್ದು 1947ರಲ್ಲಿ.

ಆರ್ಡರ್ ನಂಬರ್ ಬಹಳ ಹೇಳುತ್ತದೆ. ಉದಾಹರಣೆಗೆ ರಫ್ ವೇರ್ ಕಂಪನಿಯ ಪ್ರಸಿದ್ಧ ಆರ್ಡರ್ 42-1401-ಪಿ. ಇದರಲ್ಲಿ 42 ಅಂದರೆ 1942ರ ಹಣಕಾಸು ವರ್ಷ. ಆಗ ಅಮೆರಿಕ ಸರ್ಕಾರದ ಲೆಕ್ಕದ ವರ್ಷ ಜುಲೈಗೆ ಶುರುವಾಗುತ್ತಿತ್ತು. ಹಾಗಾಗಿ 42 ಅಂದರೆ 1941ರ ಜುಲೈಯಿಂದ 1942ರ ಜೂನ್‌ವರೆಗೆ. ಇನ್ನು ಕೆಲವು ಡಬ್ಲ್ಯು 535 ಎಸಿ ಅಂತ ಶುರುವಾಗುತ್ತವೆ. ಎಸಿ ಅಂದರೆ ಏರ್ ಕೋರ್. ಯುದ್ಧಕಾಲದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳು ಎ-2 ಹೊಲಿದವು. ರಫ್ ವೇರ್, ಏರೋ ಲೆದರ್, ಪೆರ್ರಿ, ವರ್ಬರ್, ಡುಬೋ, ಸ್ಟಾರ್, ಬ್ರಾಂಕೊ, ಕೇಬಲ್ ರೇನ್‌ಕೋಟ್, ಇವು ಜಾಸ್ತಿ ಕಾಣುವ ಹೆಸರು. ಒಬ್ಬೊಬ್ಬರದು ಒಂದೊಂದು ಕೈ. ಒಬ್ಬರ ಕಾಲರ್ ತುದಿ ಚೂಪು, ಇನ್ನೊಬ್ಬರದು ದುಂಡು. ಒಬ್ಬರ ಕಿಸೆ ಮುಚ್ಚಳದ ಬಾಗು ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ. ಆದ್ದರಿಂದ ಲೇಬಲ್‌ನಲ್ಲಿರುವ ಕಂಪನಿಯ ಅಸಲಿ ಜಾಕೆಟ್‌ಗಳ ಫೋಟೊ ಹುಡುಕಿ, ಕಾಲರ್, ಕಿಸೆ, ಹೆಗಲ ಪಟ್ಟಿಯ ಹೊಲಿಗೆ, ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಇದೇ.

ಯಾಕಂದರೆ ಲೇಬಲ್ ಮಾಡುವುದು ಸುಲಭ. ಜಪಾನಿನ ರಿಯಲ್ ಮೆಕಾಯ್ಸ್, ಬಜ್ ರಿಕ್ಸನ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಮುಂತಾದ ಕಂಪನಿಗಳು ಹಳೆಯ ಜಾಕೆಟ್ ನೋಡಿ ಹೊಲಿಗೆ ಹೊಲಿಗೆಯೂ ತಪ್ಪದಂತೆ ಹೊಸದು ಮಾಡುತ್ತವೆ. ಹಳೇ ಕಂಪನಿಯ ಹೆಸರು, ಹಳೇ ಆರ್ಡರ್ ನಂಬರ್ ಇರುವ ಲೇಬಲ್ಲೇ ಹಾಕುತ್ತವೆ. ಇದರಲ್ಲಿ ಮೋಸವೇನಿಲ್ಲ, ಅವರು ಹೊಸದು ಅಂತ ಹೇಳಿಯೇ ಮಾರುತ್ತಾರೆ. ಅದನ್ನು ಕೊಂಡವರು ಹತ್ತು ಹದಿನೈದು ವರ್ಷ ಹಾಕಿ ಸವೆಸಿ, ಮೂರನೆಯವರ ಕೈಗೆ ಹೋದಮೇಲೆ ತೊಂದರೆ ಶುರುವಾಗುತ್ತದೆ. ಇನ್ನು ಅಗ್ಗದ ನಕಲಿಗಳ ಮಾತು ಬಿಡಿ, ಅವು ಕಿಸೆ ನೋಡಿದರೇ ಗೊತ್ತಾಗುತ್ತವೆ.

ಹಂತ 3: ಚರ್ಮ, ದಾರ, ಜಿಪ್

ಯುದ್ಧಕಾಲದ ಎ-2 ಹೆಚ್ಚಾಗಿ ಕುದುರೆ ಚರ್ಮದ್ದು. ಆಡು, ದನದ ಚರ್ಮದವೂ ಇವೆ. ಕುದುರೆ ಚರ್ಮದ ಮೈ ನುಣುಪು, ಹೊಳಪು ಜಾಸ್ತಿ, ಮಡಿಕೆ ಬಿದ್ದಲ್ಲಿ ಗಟ್ಟಿ ಗೆರೆ. ಆಡಿನದು ಭೂತಗನ್ನಡಿಯಲ್ಲಿ ಹರಳು ಹರಳಾಗಿ ಕಾಣುತ್ತದೆ. ಬಣ್ಣ ಎರಡು ಬಗೆ: ಕಡುಕಂದು ಮತ್ತು ಕೆಂಪು ಮಿಶ್ರಿತ ಕಂದು. ಕೆಂಪುಕಂದಿನ ಎಷ್ಟೋ ಜಾಕೆಟ್‌ಗಳಿಗೆ ಸೇನೆಯ ದುರಸ್ತಿ ಡಿಪೋಗಳಲ್ಲೇ ಕಡುಕಂದು ಬಣ್ಣ ಬಳಿದಿದ್ದಾರೆ. ಕಾಲರ್ ಕೆಳಗೆ, ಕಿಸೆ ಮುಚ್ಚಳದ ಕೆಳಗೆ ನೋಡಿ, ಮೊದಲ ಬಣ್ಣ ಅಲ್ಲಿ ಉಳಿದಿರುತ್ತದೆ.

ದಾರ ಹತ್ತಿಯದ್ದಾಗಿರಬೇಕು. ಪಾಲಿಯೆಸ್ಟರ್ ದಾರ ಮಾರುಕಟ್ಟೆಗೆ ಬಂದದ್ದೇ ಯುದ್ಧದ ಆಮೇಲೆ. ತಾನಾಗಿ ಕಿತ್ತುಬಂದ ದಾರದ ತುಣುಕು ಇದ್ದರೆ ಚಿಮಟಿಗೆಯಲ್ಲಿ ಹಿಡಿದು, ಜಾಕೆಟ್‌ನಿಂದ ದೂರ ಹೋಗಿ ಬೆಂಕಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪರೀಕ್ಷೆಗೆ ಅಂತ ಹೊಲಿಗೆ ಮಾತ್ರ ಬಿಚ್ಚಬೇಡಿ.

ಜಿಪ್ ಮೇಲೆ ಆಗಿನ ಅಮೆರಿಕದ ಜಿಪ್ ಕಂಪನಿಗಳ ಹೆಸರು, ಟ್ಯಾಲನ್, ಕ್ರೌನ್, ಕಾನ್‌ಮಾರ್ ಅಂತ ಇದ್ದರೆ ಒಳ್ಳೇದು. ಜಪಾನಿನ ಜಿಪ್ ಕಂಪನಿ ವೈಕೆಕೆಯ ಹೆಸರು ಇದ್ದರೆ ಜಿಪ್ ಬದಲಾಗಿದೆ, ಅಥವಾ ಜಾಕೆಟ್ಟೇ ಹೊಸದು. ಹೇಗೆ ಹೇಳುವುದು? ಜಿಪ್ ಅಂಚಿನ ಚರ್ಮದಲ್ಲಿ ಹಳೇ ಹೊಲಿಗೆಯ ಖಾಲಿ ತೂತುಗಳಿವೆಯಾ ನೋಡಿ. ಇದ್ದರೆ ಯಾರೋ ಬದಲಿಸಿದ್ದಾರೆ. ಜಿಪ್ ಬದಲಾದದ್ದು ಅಂಥ ದೊಡ್ಡ ಕಳಂಕ ಅಲ್ಲ. ಈ ಜಾಕೆಟ್‌ಗಳಲ್ಲಿ ಮೊದಲು ಕೈಕೊಡುವುದೇ ಜಿಪ್ ಮತ್ತು ಉಣ್ಣೆಯ ಪಟ್ಟಿ.

ನೇರಳೆ ಬೆಳಕಿನ ಟಾರ್ಚು ಕತ್ತಲೆ ಕೋಣೆಯಲ್ಲಿ ಹಿಡಿಯಿರಿ. ಲೇಬಲ್ಲೋ ದಾರವೋ ನೀಲಿಬಿಳಿಯಾಗಿ ಫಳಫಳ ಹೊಳೆದರೆ ಅನುಮಾನ ಪಡಬೇಕು. ಬಟ್ಟೆಗೆ ಬಿಳುಪು ಕೊಡುವ ಈಗಿನ ರಾಸಾಯನಿಕಗಳು ಹಾಗೆ ಹೊಳೆಯುತ್ತವೆ. ಆದರೆ ಇದರಲ್ಲೂ ಒಂದು ಎಡವುವ ಜಾಗ ಇದೆ. ಅಸಲಿ ಜಾಕೆಟ್ಟನ್ನು ಯಾರೋ 1970ರಲ್ಲಿ ಡಿಟರ್ಜೆಂಟ್ ನೀರಿನಲ್ಲಿ ಒರೆಸಿದ್ದರೂ ಅಸ್ತರು ಹೊಳೆಯುತ್ತದೆ. ಹೊಳೆಯಲಿಲ್ಲ ಅಂದಮಾತ್ರಕ್ಕೆ ಹಳೇದು ಅಂತಲೂ ಅಲ್ಲ. ಈ ಟಾರ್ಚು ಪ್ರಶ್ನೆ ಎತ್ತುತ್ತದೆ, ತೀರ್ಪು ಕೊಡುವುದಿಲ್ಲ.

ಕೊನೆಗೆ ಟೇಪು ಹಿಡಿದು ಅಳೆಯಿರಿ. ಆಗಿನ ಜಾಕೆಟ್ ಮೈಗೆ ಬಿಗಿ, ಉದ್ದ ಕಡಿಮೆ. ಲೇಬಲ್‌ನಲ್ಲಿ 42 ಅಂತ ಇದ್ದರೆ ಈಗಿನ 42ರ ಲೆಕ್ಕ ಹಾಕಬೇಡಿ. ಕಂಕುಳಿಂದ ಕಂಕುಳಿಗೆ ಅಳತೆ ಕೇಳಿಯೇ ಆನ್‌ಲೈನಿನಲ್ಲಿ ಕೊಳ್ಳಿ.

ಹಂತ 4: ಬೆನ್ನಿನ ಚಿತ್ರ, ಎದೆಯ ಬ್ಯಾಡ್ಜ್

ದುಡ್ಡು ಇರುವುದು ಇಲ್ಲಿ. ಮೋಸ ಇರುವುದೂ ಇಲ್ಲೇ. ಚಿತ್ರವಿಲ್ಲದ ಸಾದಾ ಎ-2ಗೆ ಒಂದು ಬೆಲೆಯಾದರೆ, ಬೆನ್ನ ಮೇಲೆ ವಿಮಾನದ ಹೆಸರು, ಹುಡುಗಿಯ ಚಿತ್ರ, ಬಾಂಬುಗಳ ಸಾಲು ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಹಾಗಾಗಿ ಅಸಲಿ ಜಾಕೆಟ್ ಮೇಲೆ ಹೊಸ ಚಿತ್ರ ಬರೆಯುವ ದಂಧೆ ಇದೆ. ಹಂತ 2, 3ರಲ್ಲಿ ಜಾಕೆಟ್ ಪಾಸಾಯಿತು ಅಂತ ಚಿತ್ರವೂ ಪಾಸಾದಂತೆ ಅಲ್ಲ.

ಭೂತಗನ್ನಡಿ ತೆಗೆದುಕೊಂಡು ಚರ್ಮದ ಬಿರುಕುಗಳನ್ನು ನೋಡಿ. ಬಣ್ಣ ಬಳಿದ ಮೇಲೆ ಚರ್ಮ ಬಿರಿದಿದ್ದರೆ, ಬಣ್ಣವೂ ಅದೇ ಗೆರೆಯಲ್ಲಿ ಒಡೆದಿರುತ್ತದೆ, ಬಿರುಕಿನೊಳಗೆ ಬರೀ ಚರ್ಮ ಕಾಣುತ್ತದೆ. ಚರ್ಮ ಮೊದಲೇ ಬಿರಿದಿದ್ದು ಬಣ್ಣ ಆಮೇಲೆ ಬಂದಿದ್ದರೆ, ಬಣ್ಣ ಬಿರುಕಿನ ಒಳಗೂ ಇಳಿದು ಕೂತಿರುತ್ತದೆ. ಬೆನ್ನು ಕುರ್ಚಿಗೆ ಉಜ್ಜುವ ಭಾಗದಲ್ಲಿ ಚಿತ್ರ ಜಾಸ್ತಿ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಮರಳು ಕಾಗದ ಹಿಡಿದು ಕೂತಿದ್ದಾರೆ ಅಂತ ಅರ್ಥ.

ಆಮೇಲೆ ಇತಿಹಾಸಕ್ಕೆ ಹೊಂದುತ್ತದಾ ನೋಡಿ. ಪ್ರತಿ ಬಾಂಬಿನ ಚಿತ್ರ ಒಂದು ದಾಳಿಯ ಲೆಕ್ಕ. ಇಂಗ್ಲೆಂಡಿನಲ್ಲಿದ್ದ 8ನೇ ವಾಯುದಳದ ಬಾಂಬರ್ ಸಿಬ್ಬಂದಿ 1943ರಲ್ಲಿ 25 ದಾಳಿ ಮುಗಿಸಿದರೆ ಅವರ ಸರದಿ ಮುಗಿಯುತ್ತಿತ್ತು. 1944ರಲ್ಲಿ ಅದನ್ನು 30ಕ್ಕೆ, ಆಮೇಲೆ 35ಕ್ಕೆ ಏರಿಸಿದರು. 1943ರಲ್ಲೇ ಮನೆಗೆ ಹೋದ ಎನ್ನಲಾದವನ ಬೆನ್ನಲ್ಲಿ 35 ಬಾಂಬು ಇದ್ದರೆ ಮಾರುವವರನ್ನು ಕೇಳಿ, ಹೇಗೆ ಅಂತ.

ಎಡ ಹೆಗಲಲ್ಲಿ ರೆಕ್ಕೆಯಿರುವ ನಕ್ಷತ್ರದ ಚಿಹ್ನೆ ಇರಬಹುದು. ಇದು ಯುದ್ಧಕಾಲದ ವಾಯುದಳದ, ಅಂದರೆ ಆರ್ಮಿ ಏರ್ ಫೋರ್ಸಸ್‌ನ ಗುರುತು, 1942ರಲ್ಲಿ ಬಂದದ್ದು. ಬಟ್ಟೆಯದ್ದು, ಚರ್ಮದ್ದು, ಚರ್ಮದ ಮೇಲೇ ಅಚ್ಚಾದದ್ದು ಮೂರೂ ಸಿಗುತ್ತವೆ. ಹಳೇ ಚಿಹ್ನೆಯ ಕೆಳಗಿನ ಚರ್ಮ ಸುತ್ತಲಿಗಿಂತ ಬೇರೆ ಬಣ್ಣದಲ್ಲಿರುತ್ತದೆ. ಸವೆದ ಚರ್ಮದ ಮೇಲೆ ಹೊಸದಾಗಿ ಹೊಲಿದ ಹಳೇ ಬ್ಯಾಡ್ಜ್‌ನ ಅಂಚು ಎತ್ತಿ ನೋಡಿದರೆ ಈ ವ್ಯತ್ಯಾಸ ಇರುವುದಿಲ್ಲ.

ಚೀನಾ, ಬರ್ಮಾ, ಇಂಡಿಯಾ ರಣರಂಗದ ಜಾಕೆಟ್‌ಗಳ ಬಗ್ಗೆ ನಮ್ಮವರಿಗೆ ಸಹಜವಾಗಿಯೇ ಆಸೆ ಜಾಸ್ತಿ. ಆ ರಣರಂಗದ ತೋಳುಚಿಹ್ನೆಯಲ್ಲಿ ಚೀನಾದ ಸೂರ್ಯ, ಭಾರತದ ನಕ್ಷತ್ರ, ಕೆಳಗೆ ಕೆಂಪುಬಿಳಿ ಪಟ್ಟೆ ಇರುತ್ತವೆ. ಎಷ್ಟೋ ಬ್ಯಾಡ್ಜ್‌ಗಳನ್ನು ಭಾರತದಲ್ಲೇ, ಇಲ್ಲಿನ ಕೆಲಸಗಾರರೇ ಹೊಲಿದಿದ್ದಾರೆ, ಆದ್ದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕೆಲವರ ಜಾಕೆಟ್‌ಗೆ ಬ್ಲಡ್ ಚಿಟ್ ಕೂಡ ಇರುತ್ತದೆ. ವಿಮಾನ ಬಿದ್ದು ಪೈಲಟ್ ಹಳ್ಳಿಯಲ್ಲಿ ಇಳಿದರೆ, ಇವನು ನಮ್ಮ ಮಿತ್ರ, ಕಾಪಾಡಿ ಅಂತ ಸ್ಥಳೀಯರಿಗೆ ಅವರ ಭಾಷೆಯಲ್ಲಿ ಹೇಳುವ ಬಟ್ಟೆ ಅಥವಾ ಚರ್ಮದ ತುಂಡು ಅದು. ಬ್ಲಡ್ ಚಿಟ್ ನಕಲಿಗಳಿಗೆ ಲೆಕ್ಕವಿಲ್ಲ. ಅದರಲ್ಲೂ "ಫ್ಲೈಯಿಂಗ್ ಟೈಗರ್ಸ್ ಜಾಕೆಟ್" ಅಂದರೆ ಕಿವಿ ನೆಟ್ಟಗಾಗಬೇಕು. ಇವರು ಚೀನಾದ ಪರವಾಗಿ ಜಪಾನಿನ ವಿರುದ್ಧ ಹಾರಿದ ಅಮೆರಿಕದ ಸ್ವಯಂಸೇವಕರು. ಆ ತಂಡ ಇದ್ದದ್ದೇ ಚಿಕ್ಕದು, 1942ರ ಜುಲೈ 4ಕ್ಕೆ ಅದನ್ನು ವಿಸರ್ಜಿಸಿದರು. ಮಾರಾಟಕ್ಕೆ ಬರುವ ಜಾಕೆಟ್‌ಗಳೆಲ್ಲ ಅವರದೇ ಆಗಿದ್ದರೆ ಒಬ್ಬೊಬ್ಬರ ಹತ್ತಿರ ಒಂದು ಬೀರು ತುಂಬ ಇರಬೇಕಿತ್ತು.

"ಬೆಂಗಳೂರಲ್ಲಿ ಅಮೆರಿಕದ ಜಾಕೆಟ್ ಹೇಗೆ ಬರಲು ಸಾಧ್ಯ?" ಅಂತಲೂ ಕೇಳುತ್ತಾರೆ. ಸಾಧ್ಯ ಇದೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು, ಅಂದರೆ ಈಗಿನ ಎಚ್‌ಎಎಲ್ಲನ್ನು, 1943ರಲ್ಲಿ ಅಮೆರಿಕದ ವಾಯುದಳದ ಕೈಗೆ ಒಪ್ಪಿಸಿದ್ದರು. 84ನೇ ಏರ್ ಡಿಪೋ ಅಂತ ಅದರ ಹೆಸರಾಯಿತು. ಯುದ್ಧ ಮುಗಿಯುವವರೆಗೆ ಅಲ್ಲಿ ವಿಮಾನಗಳ ದುರಸ್ತಿ ನಡೆಯಿತು. ಆದರೆ ಸಾಧ್ಯ ಅನ್ನುವುದು ಬೇರೆ, ನಿಮ್ಮ ಕೈಲಿರುವುದು ಅಲ್ಲಿಂದಲೇ ಬಂದದ್ದು ಅನ್ನುವುದು ಬೇರೆ. ಅದಕ್ಕೆ ಮುಂದಿನ ಹಂತ ಬೇಕು.

ಹಂತ 5: ಯಾರದ್ದು ಅಂತ ಹುಡುಕುವುದು

ಎದೆಯ ಎಡಭಾಗದಲ್ಲಿ ಚರ್ಮದ ಹೆಸರುಪಟ್ಟಿ ಇದ್ದರೆ ಅದೃಷ್ಟ. ಇಲ್ಲದಿದ್ದರೂ ಅಸ್ತರು, ಕಾಲರ್ ಒಳಭಾಗ, ಕಿಸೆಯ ಒಳಗೆ ಟಾರ್ಚು ಹಾಕಿ ಹುಡುಕಿ. ಒಂದು ಇಂಗ್ಲಿಷ್ ಅಕ್ಷರ ಮತ್ತು ನಾಲ್ಕು ಅಂಕಿ ಸಿಕ್ಕರೆ ಅದು ಲಾಂಡ್ರಿ ಗುರುತು. ಅಗಸರಲ್ಲಿ ಬಟ್ಟೆ ಅದಲುಬದಲಾಗದಂತೆ ಸೈನಿಕನ ಮನೆಹೆಸರಿನ ಮೊದಲ ಅಕ್ಷರ ಮತ್ತು ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆಯುತ್ತಿದ್ದರು. ಪೂರ್ತಿ ಸಂಖ್ಯೆ ಸಿಕ್ಕಿ ಅದರ ಮುಂದೆ ಇಂಗ್ಲಿಷಿನ ಓ ಅಕ್ಷರ ಇದ್ದರೆ ಅಧಿಕಾರಿಯದ್ದು. ಅಮೆರಿಕದ ಪೈಲಟ್‌ಗಳಲ್ಲಿ ಹೆಚ್ಚಿನವರು ಅಧಿಕಾರಿಗಳು. ಬರೀ ಎಂಟು ಅಂಕಿ ಇದ್ದರೆ ಗನ್ನರ್, ರೇಡಿಯೊ ಆಪರೇಟರ್ ಥರದ ಸಿಬ್ಬಂದಿಯದ್ದು ಇರಬಹುದು. ಎ-2 ಬರೀ ಪೈಲಟ್‌ಗಳಿಗಲ್ಲ, ಹಾರುವ ಸಿಬ್ಬಂದಿಗೆಲ್ಲ ಕೊಡುತ್ತಿದ್ದರು.

ಹೆಸರೋ ಸಂಖ್ಯೆಯೋ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಜಾಲತಾಣದಲ್ಲಿ ಸೇನೆ ಸೇರಿದವರ ದಾಖಲೆಗಳಿವೆ, ಸುಮಾರು 90 ಲಕ್ಷ ಹೆಸರು, ಉಚಿತವಾಗಿ ಹುಡುಕಬಹುದು. ಅಧಿಕಾರಿಯಾದಾಗ ಹೊಸ ಸಂಖ್ಯೆ ಸಿಗುತ್ತಿತ್ತು. ಹಾಗಾಗಿ ಪೈಲಟ್ ಮೊದಲು ಸೇರಿದಾಗಿನ ಸಂಖ್ಯೆಗೂ ಜಾಕೆಟ್‌ನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ, ಹೆಸರಿನ ಮೇಲೆ ಹುಡುಕಿ. ವಿಮಾನ ವಾಪಸ್ ಬಾರದಿದ್ದರೆ ಬರೆಯುತ್ತಿದ್ದ ವರದಿಗಳೂ ಅದೇ ಸಂಸ್ಥೆಯಲ್ಲಿವೆ. ದಳಗಳ ಇತಿಹಾಸ ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿರುವ ವಾಯುಪಡೆಯ ಸಂಶೋಧನಾ ಸಂಸ್ಥೆಯಲ್ಲಿದೆ.

ಒಬ್ಬೊಬ್ಬರ ಸೇವಾ ಕಡತ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಲ್ಲಿ ಇರಬೇಕು. ಆದರೆ 1973ರ ಜುಲೈ 12ರಂದು ಅಲ್ಲಿ ಬೆಂಕಿ ಬಿದ್ದು 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡ 80ರಷ್ಟು ಸುಟ್ಟುಹೋದವು. ಯುದ್ಧಕಾಲದ ವಾಯುದಳ ಭೂಸೇನೆಯಲ್ಲೇ ಇತ್ತಲ್ಲ, ಅವೂ ಇದರಲ್ಲಿ ಹೋದವು. "ಕಡತ ಸಿಗಲಿಲ್ಲ, ಹಾಗಾದರೆ ಈ ಮನುಷ್ಯ ಇರಲೇ ಇಲ್ಲ" ಅಂತ ತೀರ್ಮಾನಿಸಬೇಡಿ. "ಕಡತ ಸುಟ್ಟುಹೋಯಿತು, ಆದರೂ ನನ್ನ ಮಾತು ನಂಬಿ" ಅನ್ನುವ ಮಾರಾಟಗಾರನಿಗೂ ತಲೆದೂಗಬೇಡಿ.

ಹಂತ 6: ಚರ್ಮದ ಆರೋಗ್ಯ ನೋಡಿ

ಬಿಳಿ ಬಟ್ಟೆಯಿಂದ ಕಂಕುಳ ಹತ್ತಿರ, ಕಾಲರ್ ಮಡಿಕೆಯಲ್ಲಿ ಮೆಲ್ಲಗೆ ಒರೆಸಿ. ಬಟ್ಟೆಗೆ ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ಅದು ರೆಡ್ ರಾಟ್. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮಕ್ಕೆ ಬರುವ ಕಾಯಿಲೆ. ನಮ್ಮಲ್ಲಿ ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಿದ್ದರಲ್ಲ, ಆ ಬಗೆಯ ಕೆಲಸ. ಗಾಳಿಯಲ್ಲಿರುವ ಗಂಧಕದ ಹೊಗೆ ಚರ್ಮಕ್ಕೆ ಸೇರಿ ಆಮ್ಲವಾಗಿ ನಾರುಗಳನ್ನು ತಿನ್ನುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ಬರುವುದಿಲ್ಲ. ಮ್ಯೂಸಿಯಂ ತಜ್ಞರು ಕ್ಲೂಸೆಲ್-ಜಿ ಅನ್ನುವ ಪದಾರ್ಥವನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಹಚ್ಚಿ ಪುಡಿ ಉದುರುವುದನ್ನು ತಡೆಯುತ್ತಾರೆ. ಮನೆಯಲ್ಲಿ ಪ್ರಯೋಗ ಬೇಡ, ಬಣ್ಣದ ಚಿತ್ರ ಇದ್ದರಂತೂ ಬೇಡವೇ ಬೇಡ. ಪುಡಿ ಉದುರುವ ಜಾಕೆಟ್ ಹಾಕಿಕೊಳ್ಳಲು ಲಾಯಕ್ಕಲ್ಲ.

ಮೇಲೆ ಬಿಳಿ ಮಸುಕು ಕಂಡರೆ ಎರಡು ಸಾಧ್ಯತೆ. ಬೂಷ್ಟು ಇರಬಹುದು, ಅಥವಾ ಚರ್ಮದೊಳಗಿನ ಜಿಡ್ಡು ಮೇಲಕ್ಕೆ ಬಂದು ಹೆಪ್ಪುಗಟ್ಟಿರಬಹುದು. ಹೇರ್ ಡ್ರೈಯರ್‌ನ ಕಡಿಮೆ ಬಿಸಿಗಾಳಿಯನ್ನು ದೂರದಿಂದ ಒಂದು ಚಿಕ್ಕ ಜಾಗಕ್ಕೆ ಹಿಡಿಯಿರಿ. ಜಿಡ್ಡಾದರೆ ಕರಗಿ ಮಾಯವಾಗುತ್ತದೆ, ಬೂಷ್ಟಾದರೆ ಹಾಗೇ ಇರುತ್ತದೆ. ಬೂಷ್ಟಿಗೆ ಮುಗ್ಗಲು ವಾಸನೆಯೂ ಇರುತ್ತದೆ.

ಪ್ರೆಸ್ ಬಟನ್ ಸುತ್ತ ಹಸಿರು ಮೇಣದ ಹಾಗೆ ಇದ್ದರೆ ಅದು ಹಿತ್ತಾಳೆಗೆ ಚರ್ಮದ ಜಿಡ್ಡು ತಾಗಿ ಬಂದ ಕಿಲುಬು. ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆಯಬಹುದು. ಹುಣಸೆಹಣ್ಣು, ನಿಂಬೆರಸ, ಪಿತಾಂಬರಿ ಪುಡಿ ಇವನ್ನೆಲ್ಲ ದೇವರ ಪಾತ್ರೆಗೆ ಇಟ್ಟುಕೊಳ್ಳಿ.

ಹಂತ 7: ಶುಚಿ ಮಾಡುವುದು

ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೇದು. ಮೃದು ಬ್ರಷ್‌ನಿಂದ ಧೂಳು ಝಾಡಿಸಿ. ವ್ಯಾಕ್ಯೂಮ್ ಇದ್ದರೆ ಅದರ ಬಾಯಿಗೆ ತೆಳು ಜಾಲರಿ ಬಟ್ಟೆ ಕಟ್ಟಿ, ಕಡಿಮೆ ಸೆಳೆತದಲ್ಲಿ, ಚರ್ಮಕ್ಕೆ ತಾಗಿಸದೆ ಬಳಸಿ. ಅಷ್ಟೇ.

ಬೂಷ್ಟು ಬಂದಿದ್ದರೆ ಮೊದಲು ಜಾಕೆಟ್ಟನ್ನು ಬೇರೆ ಬಟ್ಟೆಗಳಿಂದ ದೂರ ಮಾಡಿ. ಒಣಗಾಳಿ ಆಡುವ ನೆರಳಿನಲ್ಲಿ ಕೆಲವು ದಿನ ತೂಗುಹಾಕಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ನಿಂತು ಬ್ರಷ್ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಚರ್ಮದೊಳಕ್ಕೆ ಇಳಿಯುತ್ತದೆ. ಬಿಸಿಲಿಗೆ ಹಾಕಬೇಡಿ, ಚರ್ಮ ಸೆಟೆದು ಬಿರಿಯುತ್ತದೆ.

ಈಗ ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಶೂ ಪಾಲಿಶ್, ಅಂಗಡಿಯ ಲೆದರ್ ಕಂಡಿಷನರ್ ಯಾವುದೂ ಬೇಡ. ಹಿಂದೆ ಮ್ಯೂಸಿಯಂಗಳಲ್ಲೂ ಎಣ್ಣೆ ಹಚ್ಚುತ್ತಿದ್ದರು, ಈಗ ಬಿಟ್ಟಿದ್ದಾರೆ. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ವರ್ಷಗಳಲ್ಲಿ ತಾನೇ ಗಟ್ಟಿಯಾಗಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ, ದಾರವನ್ನು ಕೊಳೆಸುತ್ತದೆ. "ನಮ್ಮಜ್ಜ ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದರು" ಅನ್ನುವವರಿಗೆ ಉತ್ತರ: ಚಪ್ಪಲಿ ಎರಡು ವರ್ಷ ಬಂದರೆ ಸಾಕಿತ್ತು. ಡ್ರೈಕ್ಲೀನಿಂಗ್‌ಗೂ ಕೊಡಬೇಡಿ.

ಹಂತ 8: ರಿಪೇರಿ

ಜಿಪ್ ಬಿಗಿಯಾಗಿದ್ದರೆ ಹಲ್ಲುಗಳ ಮೇಲೆ ಜೇನುಮೇಣ ತೆಳ್ಳಗೆ ಸವರಿ ನಿಧಾನ ಆಡಿಸಿ. ಸ್ಪ್ರೇ ಎಣ್ಣೆ ಹೊಡೆದರೆ ಜಿಪ್‌ನ ಬಟ್ಟೆಗೂ ಚರ್ಮಕ್ಕೂ ಕಲೆಯಾಗುತ್ತದೆ. ಪ್ರೆಸ್ ಬಟನ್ ಬಿಚ್ಚುವಾಗ ಚರ್ಮ ಹಿಡಿದು ಎಳೆಯಬೇಡಿ, ಎರಡು ಕಡೆ ಲೋಹದ ಭಾಗವನ್ನೇ ಬೆರಳಲ್ಲಿ ಹಿಡಿದು ಬಿಚ್ಚಿ. ಇಷ್ಟನ್ನು ಮರೆತು ಕಿಸೆ ಮುಚ್ಚಳ ಹರಿದುಕೊಂಡವರು ಬಹಳ.

ಹೊಲಿಗೆ ಬಿಟ್ಟಿದ್ದರೆ ಚರ್ಮದ ಕೆಲಸ ಬಲ್ಲವರಿಗೇ ಕೊಡಿ, ಬಾಯಿಬಿಟ್ಟು ಈ ಮೂರು ಮಾತು ಹೇಳಿ: ಹಳೇ ತೂತಿನಲ್ಲೇ ಕೈಯಿಂದ ಹೊಲಿಯಬೇಕು, ಹೊಸ ತೂತು ಹಾಕಬಾರದು, ಫೆವಿಕ್ವಿಕ್ ಅಥವಾ ರಬ್ಬರ್ ಸೊಲ್ಯೂಷನ್ ಹಚ್ಚಬಾರದು. ಉಣ್ಣೆಯ ಪಟ್ಟಿ ಬದಲಿಸಲೇಬೇಕಾದರೆ ತೆಗೆದ ಹಳೇ ಪಟ್ಟಿಯನ್ನು, ಜಿಪ್ಪನ್ನು ಎಸೆಯದೆ ಕವರಿನಲ್ಲಿ ಹಾಕಿ ಜಾಕೆಟ್ ಜೊತೆಗೇ ಇಡಿ. ಚಿತ್ರವಿರುವ ಜಾಕೆಟ್ ಅಥವಾ ಮಾಲೀಕ ಯಾರೆಂದು ಗೊತ್ತಾದ ಜಾಕೆಟ್ ಆದರೆ ಏನನ್ನೂ ಬದಲಿಸಬೇಡಿ.

ಹಾಕಿಕೊಳ್ಳಬಹುದಾ? ಪುಡಿ ಉದುರದ, ದಾರ ಗಟ್ಟಿಯಿರುವ ಸಾದಾ ಎ-2 ಆದರೆ ಚಳಿಗಾಲದ ಒಣಹವೆಯಲ್ಲಿ ಅಪರೂಪಕ್ಕೆ ಒಮ್ಮೆ ಹಾಕಬಹುದು. ದಿನಾ ಹಾಕುವ ಆಸೆಯಿದ್ದರೆ ಒಳ್ಳೆ ಕಂಪನಿಯ ಹೊಸ ಪ್ರತಿ ಕೊಳ್ಳಿ. ಬೆಲೆ ಸಾವಿರ ಡಾಲರ್ ದಾಟುವುದು ಮಾಮೂಲು, ಆದರೆ ಬೈಕಿನಲ್ಲಿ ಹೋಗುವಾಗ ಮಳೆ ಬಂದರೆ ಎದೆ ಒಡೆಯುವುದಿಲ್ಲ.

ಹಂತ 9: ನಮ್ಮ ಹವೆಯಲ್ಲಿ ಇಡುವುದು

ತೇವ ಶೇಕಡ 50ರ ಆಸುಪಾಸಿನಲ್ಲಿದ್ದರೆ ಚರ್ಮ ನೆಮ್ಮದಿಯಾಗಿರುತ್ತದೆ. 65 ದಾಟಿದರೆ ಬೂಷ್ಟು ಶುರು, 40ಕ್ಕಿಂತ ಇಳಿದರೆ ಒಣಗಿ ಬಿರಿಯುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಯೇ ಉಳಿಯುವುದಿಲ್ಲ, ಗೊತ್ತಲ್ಲ. ಅಲ್ಲಿ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ನೀರು ಹೀರುವ ಯಂತ್ರ, ಇಲ್ಲದೆ ಈ ಜಾಕೆಟ್ ಇಟ್ಟುಕೊಳ್ಳುವುದು ಕಷ್ಟ. ಬೆಂಗಳೂರು, ಮೈಸೂರಿನಲ್ಲಿ ಸಿಲಿಕಾ ಜೆಲ್ ಚೀಲಗಳು ಸಾಕಾಗಬಹುದು. ಆದರೆ ಅವು ತುಂಬಿದ ಮೇಲೆ ಒಣಗಿಸಿ ಮತ್ತೆ ಇಡಬೇಕು, ಒಮ್ಮೆ ಇಟ್ಟು ಮರೆಯುವಂಥದ್ದಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ತೊಂದರೆ ತದ್ವಿರುದ್ಧ, ಅಲ್ಲಿ ಸಿಲಿಕಾ ಜೆಲ್ ತೆಗೆದುಬಿಡಿ. ಮೀಟರ್ ನೋಡಿ ನಿರ್ಧರಿಸಿ.

ಅಗಲ ಹೆಗಲಿನ ಹ್ಯಾಂಗರ್‌ಗೆ ಹತ್ತಿ ಬಟ್ಟೆ ಸುತ್ತಿ ತೂಗುಹಾಕಿ. ತಂತಿಯ ಹ್ಯಾಂಗರ್ ಹೆಗಲನ್ನು ಕತ್ತರಿಸುತ್ತದೆ. ತೂಕ ತಾಳದಷ್ಟು ಹಳತಾಗಿದ್ದರೆ ಮಲಗಿಸಿ ಇಡಿ, ತೋಳಿನೊಳಗೆ ಆಮ್ಲರಹಿತ ಕಾಗದ ತುಂಬಿ. ವೃತ್ತಪತ್ರಿಕೆ ಬೇಡ, ಅದರಲ್ಲಿ ಆಮ್ಲ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೆ ಬೆವರುತ್ತದೆ. ಚೆನ್ನಾಗಿ ಒಗೆದು ಒಣಗಿಸಿದ ಹಳೇ ಬಿಳಿ ಪಂಚೆ ಒಳ್ಳೆ ಹೊದಿಕೆ, ಗಂಜಿ ಹಾಕಿರಬಾರದು. ಗಂಜಿ ಅಂದರೆ ಬೆಳ್ಳಿಹುಳಕ್ಕೆ ಪ್ರಾಣ.

ಉಣ್ಣೆಯ ಪಟ್ಟಿಗೆ ನುಸಿ ಹಿಡಿಯುತ್ತದೆ. ನುಸಿಗುಳಿಗೆ ಚರ್ಮಕ್ಕೆ ತಾಗಬಾರದು, ಬಣ್ಣಕ್ಕೂ ಒಳ್ಳೇದಲ್ಲ. ಹುಳ ಕಂಡರೆ ಜಾಕೆಟ್ಟನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18ರಿಂದ 20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಜಾಕೆಟ್ ಬಗ್ಗಿಸಬೇಡಿ. ಫ್ರಿಜ್‌ನ ಐಸ್ ಡಬ್ಬಿ ಇದಕ್ಕೆ ಆಗದು, ನಿಜವಾದ ಫ್ರೀಜರ್ ಬೇಕು. ಬೆನ್ನ ಮೇಲೆ ಬಣ್ಣದ ಚಿತ್ರ ಇದ್ದರೆ ಈ ಉಪಾಯ ಬೇಡ, ಚಳಿಗೆ ಬಣ್ಣ ಒಡೆಯಬಹುದು. ಅಂಥದ್ದನ್ನು ತಜ್ಞರಿಗೆ ತೋರಿಸಿ.

ಹಂತ 10: ವಿವರ ಬರೆದಿಡಿ

ಮುಂದೆ, ಹಿಂದೆ, ಲೇಬಲ್, ಜಿಪ್, ಪ್ರತಿ ಬ್ಯಾಡ್ಜ್, ಪ್ರತಿ ಹರಕು, ಎಲ್ಲದರ ಫೋಟೊ ತೆಗೆಯಿರಿ. ಎಲ್ಲಿ, ಯಾವಾಗ, ಯಾರಿಂದ, ಎಷ್ಟಕ್ಕೆ ಕೊಂಡಿರಿ ಅಂತ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಹರಡುತ್ತದೆ. ಕುಟುಂಬದವರಿಂದ ಕೊಂಡಿದ್ದರೆ ಜಾಕೆಟ್ ಹಾಕಿಕೊಂಡ ಮನುಷ್ಯನ ಫೋಟೊ ಇದೆಯಾ ಕೇಳಿ. ಒಂದು ಪತ್ರ ಬರೆಸಿಕೊಳ್ಳಿ. "ನಮ್ಮ ತಾತನದ್ದು" ಅನ್ನುವ ಬಾಯಿಮಾತಿಗಿಂತ ಹೆಸರು, ದಳ, ವರ್ಷ ಇರುವ ಎರಡು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ವಿದೇಶದಿಂದ ಊರಿಗೆ ತರುವುದಾದರೆ ಸೂಟ್‌ಕೇಸಿನ ತಳದಲ್ಲಿ ಒತ್ತಿ ತುಂಬಬೇಡಿ. ಮಡಚುವ ಜಾಗಗಳಲ್ಲಿ ಕಾಗದದ ಸುರುಳಿ ಇಟ್ಟು, ಚಿತ್ರವಿರುವ ಬೆನ್ನಿಗೆ ಮಡಿಕೆ ಬೀಳದ ಹಾಗೆ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೊಂಡ ರಸೀದಿ ಜೊತೆಗಿರಲಿ, ಕಸ್ಟಮ್ಸ್‌ನಲ್ಲಿ ಬೆಲೆ ಕೇಳಿದರೆ ತೋರಿಸಲು ಬೇಕಾಗುತ್ತದೆ. ಮನೆ ತಲುಪಿದ ಮೇಲೆ ಚೀಲ ಬಿಚ್ಚಿ ಒಂದೆರಡು ದಿನ ಫ್ಯಾನ್ ಇಲ್ಲದ ನೆರಳಿನ ಕೋಣೆಯಲ್ಲಿ ಹಾಗೇ ಬಿಡಿ. ಬೀರುವಿಗೆ ಸೇರಿಸುವುದು ಆಮೇಲೆ.